ಬೆಳಕಿನ ಪಾಠಕ್ಕೆ ನೋಟೇ ಬೋಧನೋಪಕರಣ: ಲೊಕ್ಕನಹಳ್ಳಿಯಲ್ಲಿ ಮೂರು ಅವಧಿಗಳು

ಎಂಟನೆಯ ತರಗತಿ ವಿಜ್ಞಾನದ 'ಬೆಳಕು' ಅಧ್ಯಾಯವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಒಯ್ಯುವುದು ಸಮತಲ ದರ್ಪಣ, ಬಾಚಣಿಗೆ, ಟಾರ್ಚು ಮತ್ತು ಬಳೆಚೂರಿನ ಕೆಲಿಡೋಸ್ಕೋಪು. ನಾನೂ ಒಯ್ದಿದ್ದೆ. ಪ್ರತಿಫಲನದ ನಿಯಮಗಳವರೆಗೆ ಅವು ಸಾಕು. ಅಧ್ಯಾಯದ ಕೊನೆಯ ಭಾಗದಲ್ಲಿ ಬಿಳಿ ಬೆಳಕಿನ ಬಣ್ಣಗಳು, ಕಣ್ಣಿನ ರಕ್ಷಣೆ, ದೃಷ್ಟಿ ಸವಾಲುಳ್ಳವರ ಓದುಬರಹ, ಬ್ರೈಲ್ ಲಿಪಿ ಇವೆ. ಇವನ್ನು ಬಹುತೇಕ ನಾವೆಲ್ಲ 'ಮನೆಯಲ್ಲಿ ಓದಿಕೊಳ್ಳಿ' ಎಂದು ದಾಟಿಸಿಬಿಡುತ್ತೇವೆ. ಆ ಭಾಗಕ್ಕೆಂದು ಲೊಕ್ಕನಹಳ್ಳಿಯ ಪ್ರೌಢಶಾಲೆಯಲ್ಲಿ ನನಗೆ ಮೂರು ಅವಧಿಗಳು ಸಿಕ್ಕವು. ಮೂರರಲ್ಲೂ ನಾನು ಮುಖ್ಯ ಬೋಧನೋಪಕರಣವಾಗಿ ಬಳಸಿದ್ದು ಚಲಾವಣೆಯಲ್ಲಿರುವ ಕಾಗದದ ನೋಟುಗಳನ್ನು. ಅದರ ವರದಿ ಇದು.

ನೋಟನ್ನೇ ಆರಿಸಿದ್ದಕ್ಕೆ ಊರು ಕಾರಣ. ಹನೂರು ತಾಲ್ಲೂಕಿನ ಈ ಹೋಬಳಿ ಕೇಂದ್ರಕ್ಕೆ ಸುತ್ತಲ ಹಳ್ಳಿಗಳಿಂದ, ಕಾಡಂಚಿನ ಸೋಲಿಗರ ಪೋಡುಗಳಿಂದ ಜನ ಬರುತ್ತಾರೆ. ಅಂಗಡಿಯ ಗೋಡೆಯಲ್ಲಿ ಕ್ಯೂಆರ್ ಚೀಟಿ ಅಂಟಿಸಿದ್ದಾರೆ, ನಿಜ. ಆದರೆ ಕೂಲಿ ಬಟವಾಡೆ, ಮುಸುಕಿನ ಜೋಳ, ಹುರುಳಿ, ಮೇಕೆಮರಿಯ ವ್ಯಾಪಾರಗಳಲ್ಲಿ ನೋಟು ಕೈಯಿಂದ ಕೈಗೆ ಹೋಗುವುದು ನಿಂತಿಲ್ಲ. ನನ್ನ ತರಗತಿಯ ಮಕ್ಕಳಲ್ಲಿ ಹಲವರು ಮನೆಯ ಪರವಾಗಿ ಹಣ ಎಣಿಸಿ ತರುವವರು. ಪೂರ್ವಜ್ಞಾನ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ವಸ್ತು ನನಗೆ ತೋಚಲಿಲ್ಲ.

ಸಿದ್ಧತೆ

ಮಕ್ಕಳಿಗೆ ಮನೆಯಿಂದ ನೋಟು ತರಲು ಹೇಳಬಾರದೆಂದು ಮೊದಲೇ ನಿಶ್ಚಯಿಸಿದ್ದೆ. 500 ರೂಪಾಯಿ ತರಲಾರದ ಮಗುವನ್ನು ತರಗತಿಯೆದುರು ನಿಲ್ಲಿಸಿದಂತಾಗುತ್ತದೆ. ತಂದದ್ದು ಕಳೆದರೆ ಇನ್ನೊಂದು ಗೋಳು. ನನ್ನದೇ ಹಣದಲ್ಲಿ 10, 20, 50, 100, 200, 500ರ ಒಂದೊಂದು ಹೊಸ ನೋಟನ್ನು ತೆಗೆದುಕೊಂಡೆ, ಒಟ್ಟು 880 ರೂಪಾಯಿ. ಜೊತೆಗೆ ಚೆನ್ನಾಗಿ ಸವೆದ 100ರ ಎರಡು ನೋಟುಗಳು. ಪ್ರತಿಯೊಂದರ ಕ್ರಮಸಂಖ್ಯೆಯನ್ನು ಪಾಠಟಿಪ್ಪಣಿಯ ಹಿಂಬದಿಯಲ್ಲಿ ಬರೆದುಕೊಂಡೆ. ಪ್ರತಿ ಅವಧಿಯ ಕೊನೆಯಲ್ಲಿ ಒಬ್ಬ ವಿದ್ಯಾರ್ಥಿ ಎಣಿಸಿ, ಇನ್ನೊಬ್ಬ ಸಂಖ್ಯೆ ಓದಿ ಒಪ್ಪಿಸುವುದು ವಾಡಿಕೆಯಾಯಿತು. ಈ ಎಣಿಕೆಯನ್ನು ಮಕ್ಕಳು ಪಾಠಕ್ಕಿಂತ ಗಂಭೀರವಾಗಿ ಮಾಡಿದರು.

ಸಹಪಾಠಿಯೊಬ್ಬರು ನೋಟನ್ನು ದೊಡ್ಡದಾಗಿ ಕಲರ್ ಜೆರಾಕ್ಸ್ ಮಾಡಿಸಿ ಚಾರ್ಟಿಗೆ ಅಂಟಿಸಲು ಸಲಹೆ ಕೊಟ್ಟರು. ಮುಂದೆ ಈ ಪಾಠ ಮಾಡುವವರು ಇದನ್ನು ಗಮನಿಸಬೇಕು: ನೋಟನ್ನು ಹೋಲುವ ಕಾಗದ ತಯಾರಿಸುವುದು ಕೂಡ ಕಾನೂನಿನ ಕಣ್ಣಿಗೆ ಬೀಳುವ ವಿಷಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 178ರಿಂದ 182ರವರೆಗಿನ ಕಲಮುಗಳು ಖೋಟಾ ನೋಟಿಗೆ ಸಂಬಂಧಿಸಿದವು. ಅವುಗಳಲ್ಲಿ ಕೊನೆಯದು ನೋಟನ್ನು ಹೋಲುವ ದಾಖಲೆಗಳ ಬಗ್ಗೆಯೇ ಇದೆ. ಆದ್ದರಿಂದ ಚಾರ್ಟಿನಲ್ಲಿ ಒಂದು ಖಾಲಿ ಆಯತ ಬರೆದು, ಯಾವ ಭಾಗದಲ್ಲಿ ಏನಿದೆ ಎಂಬುದನ್ನು ಸಂಖ್ಯೆಗಳಿಂದ ಮಾತ್ರ ಗುರುತಿಸಿದೆ. ಚಿತ್ರ ಬೇಕೆನ್ನುವವರಿಗೆ ರಿಸರ್ವ್ ಬ್ಯಾಂಕಿನ 'ಪೈಸಾ ಬೋಲ್ತಾ ಹೈ' ಭಿತ್ತಿಪತ್ರಗಳಿವೆ.

ಮೊದಲ ಅವಧಿ: ಬೆಳಕಿಗೆ ಹಿಡಿದಾಗ

ಪೀಠಿಕೆಯಾಗಿ ಒಂದೇ ಪ್ರಶ್ನೆ ಕೇಳಿದೆ: ನೋಟು ಪಾರದರ್ಶಕವೋ, ಅರೆಪಾರದರ್ಶಕವೋ, ಅಪಾರದರ್ಶಕವೋ? 'ಅಪಾರದರ್ಶಕ' ಎಂದು ಇಡೀ ತರಗತಿ ಕೂಗಿತು. ಗುಂಪಿಗೊಂದರಂತೆ ನೋಟು ಕೊಟ್ಟು ಕಿಟಕಿಯ ಬಳಿ ಕಳಿಸಿದೆ. ಅರ್ಧ ನಿಮಿಷದೊಳಗೆ ಒಂದು ಹುಡುಗನ ದನಿ ಬಂತು: "ಒಳ್ಗ ಇನ್ನೊಬ್ರು ಗಾಂಧಿ ತಾತ ಅವ್ರ ಮಿಸ್!"

ಮುಂಬದಿಯ ಬಲಗಡೆ ಖಾಲಿಯಂತೆ ಕಾಣುವ ಬಿಳಿ ಜಾಗದಲ್ಲಿ ನೀರಗುರುತು ಇರುತ್ತದೆ. ಅದು ಮುದ್ರಣವಲ್ಲ ಎಂಬುದು ಮಕ್ಕಳಿಗೆ ಹೊಸ ಸಂಗತಿ. ಕಾಗದ ಇನ್ನೂ ಒದ್ದೆ ಹಿಟ್ಟಿನಂತಿರುವಾಗಲೇ ಉಬ್ಬುತಗ್ಗಿನ ಅಚ್ಚಿನ ಮೇಲೆ ಅದನ್ನು ಹರಡುತ್ತಾರೆ. ತಗ್ಗಿದ್ದಲ್ಲಿ ನಾರು ಹೆಚ್ಚು ಕೂಡಿ ಕಾಗದ ದಪ್ಪವಾಗುತ್ತದೆ, ಉಬ್ಬಿದ್ದಲ್ಲಿ ತೆಳುವಾಗುತ್ತದೆ. ದಪ್ಪ ಭಾಗ ಬೆಳಕನ್ನು ಕಡಿಮೆ ಬಿಡುತ್ತದೆ, ಅದು ನೆರಳು. ತೆಳು ಭಾಗ ಹೆಚ್ಚು ಬಿಡುತ್ತದೆ, ಅದು ಹೊಳಪು. ಗಾಂಧೀಜಿಯ ಮುಖದಲ್ಲಿ ಕೆನ್ನೆ, ಕಣ್ಣಿನ ಕುಳಿ ಎಲ್ಲ ಮೂಡುವುದು ಈ ದಪ್ಪ ತೆಳುವಿನಿಂದ. ಪಕ್ಕದಲ್ಲಿ ಮುಖಬೆಲೆಯ ಅಂಕಿ ಹೆಚ್ಚು ಹೊಳಪಾಗಿ ಕಾಣುತ್ತದೆ. ಅಚ್ಚಿಗೆ ಆ ಅಂಕಿಯ ಆಕಾರದ ಲೋಹದ ತುಣುಕನ್ನು ಕೂಡಿಸಿರುವುದರಿಂದ ಅಲ್ಲಿ ಕಾಗದ ತೀರ ತೆಳು.

ಇಲ್ಲಿ ಒಬ್ಬ ವಿದ್ಯಾರ್ಥಿ ಕೇಳಿದ್ದು ನನ್ನ ಟಿಪ್ಪಣಿಯಲ್ಲಿ ಇಲ್ಲದ ಪ್ರಶ್ನೆ. ಬೋಂಡ ಕಟ್ಟಿಕೊಟ್ಟ ಕಾಗದವನ್ನೂ ಬೆಳಕಿಗೆ ಹಿಡಿದರೆ ಎಣ್ಣೆ ತಾಗಿದ ಜಾಗ ಹೊಳೆಯುತ್ತದಲ್ಲ, ಎಣ್ಣೆಯಲ್ಲೇ ಗಾಂಧೀಜಿಯನ್ನು ಬರೆದರೆ? ತಕ್ಷಣ ಒಂದು ಹಾಳೆಗೆ ಎಣ್ಣೆ ಸವರಿ ಹೋಲಿಸಿದೆವು. ಎಣ್ಣೆಯ ಗುರುತಿನಲ್ಲಿ ಹೊಳಪು ಮಾತ್ರ ಇದೆ. ಸುತ್ತಲ ಕಾಗದಕ್ಕಿಂತ ಕಪ್ಪಾದ ಭಾಗ ಇಲ್ಲ, ಮೆಲ್ಲಗೆ ಏರಿಳಿಯುವ ನೆರಳೂ ಇಲ್ಲ. ಅಲ್ಲದೆ ಎಣ್ಣೆಯ ಗುರುತು ಮೇಜಿನ ಮೇಲಿಟ್ಟರೂ ಕಾಣುತ್ತದೆ. ನಕಲಿ ಮಾಡುವವರೂ ಇಂಥ ಉಪಾಯಗಳನ್ನೇ ಹೂಡುತ್ತಾರೆ ಎಂದು ಹೇಳಿದಾಗ ಆ ಹುಡುಗನಿಗೆ ಹೆಮ್ಮೆಯೂ ಅಳುಕೂ ಒಟ್ಟಿಗೇ ಆಯಿತು.

ಬೆಳಕಿಗೆ ಹಿಡಿದಾಗ ಕಾಣುವ ಇನ್ನೆರಡು: ಭದ್ರತಾ ಎಳೆ ಮತ್ತು ಎಡಭಾಗದ ಆರುಪಾರು ಅಂಕಿ. ಎಳೆ ಮೇಲ್ನೋಟಕ್ಕೆ ತುಂಡು ತುಂಡು. ಬೆಳಕಿಗೆ ಹಿಡಿದರೆ ಒಂದೇ ಉದ್ದ ಗೆರೆ. ಅದು ಕಾಗದದೊಳಗೆ ನೂಲು ಹೊಲಿದಂತೆ ಮುಳುಗಿ ಎದ್ದು ಸಾಗುತ್ತದೆ. ಅದರ ಮೇಲೆ ದೇವನಾಗರಿಯಲ್ಲಿ 'ಭಾರತ' ಎಂದೂ ಇಂಗ್ಲಿಷಿನಲ್ಲಿ 'ಆರ್‌ಬಿಐ' ಎಂದೂ ಇದೆ. ಆರುಪಾರು ಅಂಕಿಯ ಅರ್ಧ ಚೂರುಗಳು ಮುಂಬದಿಯಲ್ಲಿ, ಉಳಿದವು ಹಿಂಬದಿಯಲ್ಲಿ. ಬೆಳಕು ಎರಡನ್ನೂ ಕೂಡಿಸಿ ಓದಿಸುತ್ತದೆ. ಎರಡೂ ಬದಿ ಕೂದಲೆಳೆಯಷ್ಟೂ ತಪ್ಪದೆ ಒಂದರ ಬೆನ್ನಿಗೊಂದು ಕೂರಬೇಕು; ಸಾಮಾನ್ಯ ಮುದ್ರಣ ಯಂತ್ರಕ್ಕೆ ಇದು ಕಷ್ಟ.

ಕಾಗದದ ಬಗ್ಗೆ ಒಂದು ಪ್ರಯೋಗ ಮಾಡಿದೆವು. ನೋಟಿನ ಕಾಗದ ಮರದ ತಿರುಳಿನದಲ್ಲ, ಹತ್ತಿಯದು. ನಮ್ಮ ನೋಟ್‌ಬುಕ್ಕಿನ ಹಾಳೆಗೆ ತಯಾರಿಕೆಯಲ್ಲಿ ಪಿಷ್ಟ ಸೇರಿಸಿರುತ್ತಾರೆ. ಆಲೂಗಡ್ಡೆಯ ಮೇಲೆ ಮಾಡಿದ ಅಯೋಡಿನ್ ಪರೀಕ್ಷೆ ಮಕ್ಕಳಿಗೆ ನೆನಪಿತ್ತು. ಹಾಳೆಯ ಚೂರಿಗೆ ಒಂದು ಹನಿ ಹಾಕಿದೆವು: ಕಡುನೀಲಿ. ಹಳೆಯ ಹತ್ತಿ ಸೀರೆಯ ಚೂರಿಗೆ ಹಾಕಿದೆವು: ಕಂದುಬಣ್ಣ ಹಾಗೇ ಉಳಿಯಿತು. ಒಬ್ಬ ಹುಡುಗ ಹೊಸ ಪಂಚೆಯ ಅಂಚಿನ ತುಂಡು ತಂದಿದ್ದ. ಅದು ನೀಲಿಯಾಯಿತು! 'ಗಂಜಿ ಅದ' ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ಅಂಗಡಿಗಳಲ್ಲಿ ಮಾರುವ ನೋಟು ಪರೀಕ್ಷಿಸುವ ಪೆನ್ನಿನಲ್ಲಿರುವುದು ಇದೇ ಅಯೋಡಿನ್. ಹಾಗಿದ್ದರೆ ಗಂಜಿ ಹಾಕಿದ ಅಂಗಿಯ ಜೇಬಿನಲ್ಲಿ ನೆನೆದ ಅಸಲಿ ನೋಟು? ಪಿಷ್ಟವಿಲ್ಲದ ಕಾಗದದಲ್ಲಿ ಮಾಡಿದ ನಕಲಿ? ಎರಡರಲ್ಲೂ ಪೆನ್ನು ಸುಳ್ಳು ಹೇಳುತ್ತದೆ ಎಂಬ ತೀರ್ಮಾನಕ್ಕೆ ಮಕ್ಕಳೇ ಬಂದರು. ಈ ಐದು ನಿಮಿಷದ ಚರ್ಚೆಯೇ ಮೊದಲ ಅವಧಿಯ ಸಾರ್ಥಕತೆ ಎಂದು ನನ್ನ ಎಣಿಕೆ. (ನೋಟಿನ ಮೇಲೆ ಅಯೋಡಿನ್ ಹನಿಸಬಾರದು. ಕಲೆ ನಿಲ್ಲುತ್ತದೆ.)

ಎರಡನೆಯ ಅವಧಿ: ಓರೆ ಮಾಡಿದಾಗ

500ರ ನೋಟಿನ ಮುಂಬದಿಯ ಕೆಳಗೆ ಬಲಕ್ಕೆ ರೂಪಾಯಿ ಚಿಹ್ನೆಯೊಡನೆ ಇರುವ 500 ಎಂಬ ಅಂಕಿ ನೇರ ನೋಡಿದರೆ ಹಸಿರು, ಓರೆ ಮಾಡಿದರೆ ನೀಲಿ. ಭದ್ರತಾ ಎಳೆಯೂ ಹಾಗೆಯೇ. ಬಣ್ಣ ಬಳಿದ ವಸ್ತು ಯಾವ ಕಡೆಯಿಂದ ನೋಡಿದರೂ ಅದೇ ಬಣ್ಣ ತೋರಿಸುತ್ತದೆ. ಇದು ಏಕೆ ಬದಲಾಗುತ್ತದೆ? ಎಂಟನೆಯ ತರಗತಿಗೆ ಬೆಳಕಿನ ವ್ಯತೀಕರಣ ಇಲ್ಲ. ಆದರೆ ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಪೆಟ್ರೋಲು ಬಿದ್ದಾಗಿನ ಬಣ್ಣ ಎಲ್ಲರೂ ನೋಡಿದ್ದೇ. ಬಟ್ಟಲಿನ ನೀರಿಗೆ ಬಣ್ಣವಿಲ್ಲದ ಉಗುರು ಪಾಲಿಶ್ ಒಂದು ಹನಿ ಬಿಟ್ಟು, ಅದು ಪೊರೆಯಾಗಿ ಹರಡಿದ ಮೇಲೆ ಕಪ್ಪು ಕಾಗದದಿಂದ ಮೇಲೆತ್ತಿದೆ. ಒಣಗಿದ ಮೇಲೆ ಬಣ್ಣದ ಪಟ್ಟಿಗಳು ಉಳಿದವು. ಪಾಲಿಶ್‌ಗೆ ಬಣ್ಣವಿಲ್ಲ, ನೀರಿಗಿಲ್ಲ, ಕಾಗದ ಕಪ್ಪು; ಬಣ್ಣ ಬಂದದ್ದೆಲ್ಲಿಂದ? ಪೊರೆಯ ಮೇಲ್ಮೈಯಿಂದ ಮರಳುವ ಬೆಳಕೂ ಕೆಳಮೈಯಿಂದ ಮರಳುವ ಬೆಳಕೂ ಕೂಡಿದಾಗ ಕೆಲವು ಬಣ್ಣ ಗಟ್ಟಿಯಾಗಿ ಕೆಲವು ಅಳಿಯುತ್ತವೆ, ನೋಡುವ ಕೋನ ಬದಲಾದರೆ ಗಟ್ಟಿಯಾಗುವ ಬಣ್ಣವೂ ಬದಲಾಗುತ್ತದೆ ಎಂಬಷ್ಟಕ್ಕೆ ನಿಲ್ಲಿಸಿದೆ. ನೋಟಿನ ಶಾಯಿಯಲ್ಲಿ ಇಂಥ ತೆಳುಪದರಗಳ ಅತಿ ಸಣ್ಣ ಚಕ್ಕೆಗಳಿರುತ್ತವೆ. ಬಿಎಸ್‌ಸಿಯಲ್ಲಿ ತೆಳುಪದರದ ಸೂತ್ರವನ್ನು ಎಷ್ಟೋ ಸಲ ಬರೆದಿದ್ದೇನೆ. ಓರೆ ಮಾಡಿದಷ್ಟೂ ಕಡಿಮೆ ತರಂಗದೂರದ ಕಡೆಗೆ, ಅಂದರೆ ಹಸಿರಿನಿಂದ ನೀಲಿಗೆ ಸರಿಯುತ್ತದೆ ಎಂಬುದನ್ನು ಜೇಬಿನಲ್ಲಿದ್ದ ನೋಟಿನಲ್ಲಿ ನೋಡಿ ತಾಳೆ ಹಾಕಿದ್ದು ಈ ಪಾಠದ ತಯಾರಿಯಲ್ಲೇ.

ಅಡಗು ಚಿತ್ರಕ್ಕೆ ಉಪಮೆ ತರಗತಿಯಿಂದಲೇ ಸಿಕ್ಕಿತು. ನೋಟನ್ನು ಕಣ್ಣಿನ ಮಟ್ಟಕ್ಕೆ 45 ಡಿಗ್ರಿ ಓರೆಯಾಗಿ ಹಿಡಿದರೆ ಎಡಭಾಗದಲ್ಲಿ ಮುಖಬೆಲೆಯ ಅಂಕಿ ಮೂಡುತ್ತದೆ. ಅಂಕಿಯೊಳಗಿನ ಉಬ್ಬು ಗೆರೆಗಳು ಒಂದು ದಿಕ್ಕಿಗೆ, ಹಿನ್ನೆಲೆಯವು ಅದಕ್ಕೆ ಅಡ್ಡಡ್ಡ. ನೇರ ನೋಡಿದರೆ ಎರಡೂ ಒಂದೇ. ಓರೆಯಲ್ಲಿ ಒಂದು ಗುಂಪು ತನ್ನ ಸಂದುಗಳನ್ನು ಮುಚ್ಚಿಕೊಳ್ಳುತ್ತದೆ, ಇನ್ನೊಂದು ತೆರೆದಿರುತ್ತದೆ. ಇದನ್ನು ಚಿತ್ರ ಬರೆದು ವಿವರಿಸುತ್ತಿದ್ದೆ. ಒಬ್ಬಳು, ಉತ್ತ ಹೊಲದ ಸಾಲು ರಸ್ತೆಯಿಂದ ನೋಡಿದರೆ ಕಾಣುತ್ತದೆ, ಪಕ್ಕದ ಬದುವಿನಿಂದ ನೋಡಿದರೆ ಕಾಣುವುದಿಲ್ಲ, ಹಾಗಾ ಎಂದಳು. ಅದಕ್ಕಿಂತ ಸ್ಪಷ್ಟವಾಗಿ ನಾನು ಹೇಳಲಾರೆ. ಪಾಠಟಿಪ್ಪಣಿಯಲ್ಲಿ ನನ್ನ ಚಿತ್ರವನ್ನು ಹೊಡೆದುಹಾಕಿ ಹೊಲವನ್ನು ಬರೆದುಕೊಂಡೆ.

ಕೊಳ್ಳೇಗಾಲದ ಅಂಗಡಿಯೊಂದರಿಂದ ತಂದ ಅತಿನೇರಳೆ ಟಾರ್ಚನ್ನು (ಕಣ್ಣಿಗೆ ಬಿಡಬಾರದೆಂಬ ಎಚ್ಚರಿಕೆಯೊಡನೆ) ಕಿಟಕಿ ಮುಚ್ಚಿ ಹಚ್ಚಿದಾಗ ನೋಟಿಗಿಂತ ಮೊದಲು ಹೊಳೆದದ್ದು ಮಕ್ಕಳ ಬಿಳಿ ಸಮವಸ್ತ್ರ. ಬಟ್ಟೆಪುಡಿಯಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕಗಳಿವೆ, ಬರೆಯುವ ಹಾಳೆಯಲ್ಲೂ ಇವೆ. ನೋಟಿನ ಕಾಗದದಲ್ಲಿ ಇಲ್ಲ. ಅದು ಮಂಕಾಗಿಯೇ ಉಳಿದು, ಸಂಖ್ಯಾಪಟ್ಟಿ ಮತ್ತು ಕಾಗದದಲ್ಲಿ ಚದುರಿರುವ ಸಣ್ಣ ನಾರುಗಳು ಬೆಳಗುತ್ತವೆ. ಶಾಲೆಯ ಪೀನ ಮಸೂರದಲ್ಲಿ 100ರ ನೋಟಿನ ಸೂಕ್ಷ್ಮಾಕ್ಷರಗಳನ್ನು ಓದುವ ಚಟುವಟಿಕೆಯೂ ಇತ್ತು. ಅದನ್ನು ಹೆಚ್ಚು ವಿವರಿಸಬೇಕಾದ್ದಿಲ್ಲ, ಮಸೂರ ಕೊಟ್ಟರೆ ಸಾಕು, ಉಳಿದದ್ದನ್ನು ಮಕ್ಕಳೇ ನೋಡಿಕೊಳ್ಳುತ್ತಾರೆ.

ಇಷ್ಟರಲ್ಲಿ ಅವಧಿ ಮುಗಿಯಲು ಐದಾರು ನಿಮಿಷವಿತ್ತು. 'ಮನೆಗೆ ಬಂದ ನೋಟು ಈ ಪರೀಕ್ಷೆಗಳಲ್ಲಿ ಸೋತರೆ ಏನು ಮಾಡುತ್ತೀರಿ?' ಎಂದು ಮೌಲ್ಯಮಾಪನದ ಪ್ರಶ್ನೆ ಕೇಳಿದೆ. ಮೊದಲು ಬಂದ ಉತ್ತರ: "ಕತ್ಲಾದ ಮ್ಯಾಲ ಅಂಗಡಿಲಿ ಕೊಟ್ಟುಬುಟ್ರ ಆಯ್ತದ ಮಿಸ್." ಎಲ್ಲರೂ ನಕ್ಕರು. ಒಬ್ಬಳು ನಗಲಿಲ್ಲ. ಅವಳ ಅಜ್ಜಿಗೆ ಕಣ್ಣಿನಲ್ಲಿ ಪೊರೆ. ಹುರುಳಿ ಮಾರಿದ ಹಣದಲ್ಲಿ 500ರ ಒಂದು ನೋಟು ಹಾಗೇ, ಸಂಜೆ ಹೊತ್ತಿನಲ್ಲಿ ಬಂದಿತ್ತಂತೆ. ಬ್ಯಾಂಕಿಗೆ ಕಟ್ಟಲು ಹೋದಾಗ ಅದರ ಮೇಲೆ ಮೊಹರು ಒತ್ತಿ ಇಟ್ಟುಕೊಂಡು ಒಂದು ಚೀಟಿ ಕೊಟ್ಟರಂತೆ. ಆ ಚೀಟಿ ಇನ್ನೂ ಅಜ್ಜಿಯ ಎಲೆಅಡಿಕೆ ಸಂಚಿಯಲ್ಲಿದೆ. ಅವಳು ಕೇಳಿದ್ದು: "ಆ ಚೀಟಿ ತೋರ್ಸುದ್ರ ದುಡ್ಡು ಯಾವಾಗ ಕೊಡ್ತರ ಮಿಸ್?"

ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕೌಂಟರಿಗೆ ಬಂದ ಖೋಟಾ ನೋಟನ್ನು ಬ್ಯಾಂಕು ಮೊಹರು ಮಾಡಿ ಮುಟ್ಟುಗೋಲು ಹಾಕಿಕೊಳ್ಳಬೇಕು, ತಂದವರಿಗೆ ಸ್ವೀಕೃತಿ ಚೀಟಿ ಕೊಡಬೇಕು; ನೋಟನ್ನೂ ಹಿಂತಿರುಗಿಸುವಂತಿಲ್ಲ, ಅದರ ಬೆಲೆಯನ್ನೂ ಕೊಡುವಂತಿಲ್ಲ. ಒಂದು ವ್ಯವಹಾರದಲ್ಲಿ ನಾಲ್ಕರವರೆಗೆ ಸಿಕ್ಕರೆ ತಿಂಗಳ ಕೊನೆಗೆ ಒಟ್ಟಾಗಿ ಪೊಲೀಸರಿಗೆ ವರದಿ, ಐದು ಅಥವಾ ಹೆಚ್ಚಿದ್ದರೆ ಕೂಡಲೇ ದೂರು. ಆ ಚೀಟಿ ಸಾಲಪತ್ರವಲ್ಲ. ಅಜ್ಜಿ ತಪ್ಪು ಮಾಡಿಲ್ಲ, ನೋಟು ತೆಗೆದುಕೊಂಡು ಬ್ಯಾಂಕಿಗೆ ಒಯ್ದದ್ದೇ ಸರಿಯಾದ ಕೆಲಸ ಎಂಬುದಕ್ಕೆ ಅದು ದಾಖಲೆ. ಇದನ್ನು ತರಗತಿಯಲ್ಲಿ ಹೇಳಿದೆ. ಕತ್ತಲಲ್ಲಿ ದಾಟಿಸುವುದರ ಬಗ್ಗೆಯೂ ಹೇಳಿದೆ: ಖೋಟಾ ಎಂದು ತಿಳಿದೂ ಅಸಲಿಯೆಂದು ಚಲಾಯಿಸಿದರೆ ಸಂಹಿತೆಯ 179ನೇ ಕಲಮಿನಲ್ಲಿ ಹತ್ತು ವರ್ಷದವರೆಗೆ, ಜೀವಾವಧಿಯೂ ಆಗಬಹುದಾದ ಶಿಕ್ಷೆ ಇದೆ. ಆದರೆ ಆ ಹೊತ್ತಿನಲ್ಲಿ ಕಾನೂನಿಗಿಂತ ಹೆಚ್ಚು ಕೆಲಸ ಮಾಡಿದ್ದು ಅದೇ ಹುಡುಗಿಯ ಇನ್ನೊಂದು ಮಾತು. ನಮ್ಮಜ್ಜಿಗೆ ಕೊಟ್ಟವರೂ ಕತ್ತಲಾದ ಮೇಲೆ ಕೊಟ್ಟವರೇ ಎಂದಳು. ತರಗತಿ ಸುಮ್ಮನಾಯಿತು. ಗಂಟೆ ಹೊಡೆಯಿತು, ನೋಟುಗಳನ್ನು ಎಣಿಸಿ ಒಪ್ಪಿಸಿದರು.

ಮೂರನೆಯ ಅವಧಿ: ಮುಟ್ಟಿದಾಗ

ಪೊರೆ ಬಂದ ಕಣ್ಣಿಗೆ ನೀರಗುರುತೂ ಬಣ್ಣ ಬದಲಾಗುವ ಶಾಯಿಯೂ ಏನು ಪ್ರಯೋಜನ? ಬ್ರೈಲ್ ಪಾಠವನ್ನು ಇಲ್ಲಿಂದಲೇ ಆರಂಭಿಸಿದೆ. ಗಾಂಧೀಜಿಯ ಚಿತ್ರ, ಅಶೋಕ ಸ್ತಂಭ ಮುಂತಾದವನ್ನು 100 ಮತ್ತು ಮೇಲಿನ ನೋಟುಗಳಲ್ಲಿ ಇಂಟಾಗ್ಲಿಯೋ ಎಂಬ ಉಬ್ಬು ಮುದ್ರಣದಲ್ಲಿ ಅಚ್ಚು ಹಾಕುತ್ತಾರೆ. ತಟ್ಟೆಯಲ್ಲಿ ಕೊರೆದ ಗೀರುಗಳಲ್ಲಿ ಶಾಯಿ ತುಂಬಿ, ಭಾರೀ ಒತ್ತಡದಲ್ಲಿ ಕಾಗದವನ್ನು ಅದರೊಳಕ್ಕೆ ಒತ್ತುತ್ತಾರೆ. ಕಾಗದವೂ ಶಾಯಿಯೂ ಸೇರಿ ಉಬ್ಬುತ್ತವೆ. ಜೊತೆಗೆ ಕೈಗೆ ಗುರುತು ಸಿಗಲೆಂದೇ ಆಕಾರಗಳಿವೆ: 100ಕ್ಕೆ ತ್ರಿಕೋನ, 500ಕ್ಕೆ ವೃತ್ತ. ಎರಡೂ ಅಂಚುಗಳಲ್ಲಿ ಓರೆಗೆರೆಗಳು 100ರಲ್ಲಿ ನಾಲ್ಕು, 200ರಲ್ಲಿ ನಾಲ್ಕರ ನಡುವೆ ಎರಡು ಸಣ್ಣ ವೃತ್ತಗಳು, 500ರಲ್ಲಿ ಐದು.

ಕಣ್ಣಿಗೆ ಕರವಸ್ತ್ರ ಕಟ್ಟಿ ಮೂರು ನೋಟುಗಳನ್ನು ಗುರುತಿಸುವ ಆಟ ಆಡಿಸಿದೆ. ಹೊಸ ನೋಟುಗಳಲ್ಲಿ ಸ್ವಲ್ಪ ಅಭ್ಯಾಸದ ಮೇಲೆ ಹೆಚ್ಚಿನವರು ಗೆದ್ದರು. ಅನಂತರ ಸದ್ದಿಲ್ಲದೆ ಸವೆದ 100ರ ನೋಟುಗಳನ್ನು ಕೊಟ್ಟೆ. ಬೆರಳು ಅಂಚಿನ ಮೇಲೆ ಹೋಗಿ ಬಂದು, ಹೋಗಿ ಬಂದು, ಏನೂ ಸಿಗಲಿಲ್ಲ. ಉಬ್ಬು ಸವೆದುಹೋಗುತ್ತದೆ, ಅಜ್ಜಿಯ ಕೈಗೆ ಬರುವುದು ಹೆಚ್ಚಾಗಿ ಸವೆದ ನೋಟೇ.

ಅಳತೆಯಿಂದ ತಿಳಿಯಬಹುದಲ್ಲ ಎಂದರು. ಸ್ಕೇಲು ಹಿಡಿದು ಅಳೆದರು: 50 ರೂಪಾಯಿ 135 ಮಿ.ಮೀ., 100 ರೂಪಾಯಿ 142, 200 ರೂಪಾಯಿ 146, 500 ರೂಪಾಯಿ 150. ಈ ನಾಲ್ಕರ ಅಗಲವೂ ಒಂದೇ, 66 ಮಿ.ಮೀ. ನೂರಕ್ಕೂ ಇನ್ನೂರಕ್ಕೂ ನಾಲ್ಕೇ ಮಿಲಿಮೀಟರ್ ವ್ಯತ್ಯಾಸ, ಇನ್ನೂರಕ್ಕೂ ಐನೂರಕ್ಕೂ ಅಷ್ಟೇ. 2016ಕ್ಕೆ ಮುಂಚಿನ ಸರಣಿಯಲ್ಲಿ 100ರ ನೋಟು 157, 500ರದು 167 ಮಿ.ಮೀ. ಇತ್ತು, ಆ ಸರಣಿಯ 20 ಮತ್ತು 50ರ ನೋಟುಗಳಿಗೂ ಉಬ್ಬು ಗುರುತು ಇತ್ತು. ಈಗ 100ರಿಂದ ಕೆಳಗೆ ಇಲ್ಲ. ಹೊಸ ವಿನ್ಯಾಸ ನೋಡಲು ಅಂದ. ದೃಷ್ಟಿ ಮಂದವಾದವರ ಕೈಗೆ ಹಳೆಯದೇ ಮೇಲಿತ್ತು ಎಂಬುದು ನನ್ನ ಅಭಿಪ್ರಾಯ, ತರಗತಿಯದ್ದೂ ಅದೇ. ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ 'ಮನಿ' ಎಂಬ ಮೊಬೈಲ್ ಆ್ಯಪ್ ಹೊರತಂದಿದೆ. ಕ್ಯಾಮೆರಾ ಹಿಡಿದರೆ ಎಷ್ಟರ ನೋಟೆಂದು ಹೇಳುತ್ತದೆ. ಅಸಲಿಯೋ ನಕಲಿಯೋ ಎಂದು ಹೇಳುವುದಿಲ್ಲ, ಅದನ್ನು ಮಕ್ಕಳಿಗೆ ಒತ್ತಿ ಹೇಳಬೇಕು.

ಇದಾದ ಮೇಲೆ ಪಾತ್ರಾಭಿನಯ. ಎರಡು ದಿನದಲ್ಲಿ ಕಲಿತ ಮೂರು ಕ್ರಿಯೆಗಳನ್ನು, ಮುಟ್ಟು, ಓರೆ ಮಾಡು, ಬೆಳಕಿಗೆ ಹಿಡಿ, ಹುರುಳಿ ಮಾರುವವಳು ವ್ಯಾಪಾರಿಯೆದುರು ಮಾಡಿ ತೋರಿಸಬೇಕು. ವ್ಯಾಪಾರಿಯಾದ ಹುಡುಗ ಅಪ್ಪಟ ವ್ಯಾಪಾರಿ. ಅವಳು ನೋಟನ್ನು ಮೇಲೆತ್ತುತ್ತಲೇ, "ಯಾಕವ್ವ, ನನ್ ಮ್ಯಾಲ ಅನ್ಮಾನವಾ? ಬ್ಯಾಡಂದ್ರ ನಿನ್ ಕಾಳು ಎತ್ಕಂಡೋಗು" ಎಂದ. ಅವಳು ನೋಟು ಇಳಿಸಿಬಿಟ್ಟಳು. ನಾಟಕವೇ, ಆದರೂ ಇಳಿಸಿಬಿಟ್ಟಳು. ಬೆಳಕಿನ ಗುಣಗಳನ್ನೆಲ್ಲ ಕಲಿತ ಮೇಲೂ ನೋಟನ್ನು ಬೆಳಕಿಗೆ ಎತ್ತಿ ಹಿಡಿಯುವ ಧೈರ್ಯ ಬೇರೆ ಕಲಿಯಬೇಕಾಗುತ್ತದೆ ಎಂದು ನನಗೆ ಅಲ್ಲಿ ಕಂಡಿತು. ಮರಳಿ ಮರಳಿ ಆಡಿಸಿದೆ. ನಾಲ್ಕನೆಯ ಜೋಡಿಯ ಹುಡುಗಿ ದಾರಿ ಕಂಡುಕೊಂಡಳು: "ಅನ್ಮಾನ ಅಲ್ಲ ಕಣಣ್ಣ, ಮಕ್ಳು ಸ್ಕೂಲ್ಲಿ ಇಂಗೇ ನೋಡಿ ಈಸ್ಕೊ ಅಂದವ್ರ. ಇದು ಬ್ಯಾರೆ ಕೊಡಣ್ಣ." ಮನೆಗೆಲಸವಾಗಿ ಎಲ್ಲರೂ ಮನೆಯ ಹಿರಿಯರೊಬ್ಬರಿಗೆ ಈ ಮಾತನ್ನೂ ಮೂರು ಕ್ರಿಯೆಗಳನ್ನೂ ಕಲಿಸಿ ಬರಬೇಕು ಎಂದೆ.

ಗಾಳಿಸುದ್ದಿಗಳಿಗೂ ಸ್ವಲ್ಪ ಹೊತ್ತು ಕೊಟ್ಟೆ. ಏಕೆಂದರೆ ನಕಲಿಯನ್ನು ನಂಬಿ ಕಳೆದುಕೊಳ್ಳುವಷ್ಟೇ ಅಸಲಿಯನ್ನು ತಿರಸ್ಕರಿಸಿ ಜಗಳವಾಡುವುದೂ ಇಲ್ಲಿದೆ. ಸಂಖ್ಯೆಯ ನಡುವೆ ನಕ್ಷತ್ರ ಇರುವ ನೋಟು ಅಸಲಿಯೇ. ಮುದ್ರಣದಲ್ಲಿ ಕೆಟ್ಟ ನೋಟಿನ ಬದಲಿಗೆ ಸೇರಿಸಿದ್ದು. ಹಸಿರು ಎಳೆ ಗವರ್ನರರ ಸಹಿಗೆ ಹತ್ತಿರವೋ ಗಾಂಧೀಜಿಗೆ ಹತ್ತಿರವೋ ಎಂಬುದರಿಂದ ಏನೂ ತೀರ್ಮಾನವಾಗುವುದಿಲ್ಲ. ಹತ್ತು ರೂಪಾಯಿ ನಾಣ್ಯದ 14 ವಿನ್ಯಾಸಗಳೂ ನಡೆಯುತ್ತವೆ ಎಂದು ರಿಸರ್ವ್ ಬ್ಯಾಂಕು 2018ರಲ್ಲೇ ಹೇಳಿದೆ. ಇದನ್ನು ಕೇಳಿ ಇಬ್ಬರು ತಮ್ಮ ಬೀದಿಯ ಅಂಗಡಿಯವರ ಮೇಲೆ ಹಲ್ಲು ಕಡಿದರು.

ಇನ್ನೆರಡು ವಿಷಯಗಳು ಯೋಜನೆಯಲ್ಲಿರದೆ ಬಂದವು. ನೋಟು ಎಲ್ಲಿ ತಯಾರಾಗುತ್ತದೆ ಎಂದು ಕೇಳಿದರು. ದೆಹಲಿ, ಮುಂಬೈ ಎಂಬ ಊಹೆಗಳು. ದೇಶದ ನಾಲ್ಕು ನೋಟು ಮುದ್ರಣಾಲಯಗಳಲ್ಲಿ ಒಂದು ಮೈಸೂರಿನದು. 1995ರಲ್ಲಿ ಸ್ಥಾಪನೆಯಾದ ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ ಸಂಸ್ಥೆಗೆ ಸೇರಿದ್ದು, 1996ರಿಂದ ಕೆಲಸ ಮಾಡುತ್ತಿದೆ. ನೋಟಿನ ಕಾಗದದ ಕಾರ್ಖಾನೆಯೂ ಅಲ್ಲಿದೆ, 'ವರ್ಣಿಕಾ' ಎಂಬ ಶಾಯಿ ತಯಾರಿಕಾ ಘಟಕ 2022ರ ಮಾರ್ಚ್ 28ರಂದು ಅಲ್ಲೇ ಲೋಕಾರ್ಪಣೆಯಾಯಿತು. ಆಸ್ಪತ್ರೆಗೆ, ದಸರೆಗೆ ಹೋಗಿಬರುವ ಮೈಸೂರಿನಲ್ಲಿ ಕಾಗದ, ಶಾಯಿ, ಮುದ್ರಣ ಮೂರೂ ಇವೆ ಎಂಬುದನ್ನು ನಂಬಿಸಲು ಎರಡು ಸಲ ಹೇಳಬೇಕಾಯಿತು.

ಎರಡನೆಯದು ಹಿಂಬದಿಯ ಭಾಷಾಪಟ್ಟಿ. 15 ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯದು. ಹಂಪಿಯ ಕಲ್ಲಿನ ರಥವಿರುವ 50ರ ನೋಟಿನಲ್ಲಿ 'ಐವತ್ತು ರೂಪಾಯಿಗಳು' ಎಂಬುದನ್ನು ಮಸೂರ ಹಿಡಿದು ಓದಿದರು. ಮನೆಯಲ್ಲಿ ತಮಿಳು ಮಾತಾಡುವ ಹುಡುಗ ತನ್ನ ಸಾಲನ್ನೂ ಹುಡುಕಿ ತೋರಿಸಿದ. ಪೋಡಿನಿಂದ ಬರುವ ಹುಡುಗ, ನಮ್ಮ ಮಾತು ಎಲ್ಲಿ ಎಂದ. ಸೋಲಿಗರ ನುಡಿಗೆ ಸ್ವಂತ ಲಿಪಿಯಿಲ್ಲ, ಆದರೆ ಲಿಪಿಯಿಲ್ಲದ್ದೇ ಕಾರಣವಲ್ಲ, ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ 22 ಭಾಷೆಗಳೂ ಈ ಪಟ್ಟಿಯಲ್ಲಿಲ್ಲ ಎಂದು ಹೇಳಿದೆ. ಅವನು ತಲೆಯಾಡಿಸಿದ. ಒಪ್ಪಿದ್ದಕ್ಕೋ, ನನ್ನನ್ನು ಮುಂದಕ್ಕೆ ಹೋಗಗೊಡುವುದಕ್ಕೋ ಗೊತ್ತಾಗಲಿಲ್ಲ.

ವೀಕ್ಷಕರ ಅಭಿಪ್ರಾಯ

ಪಾಠ ವೀಕ್ಷಿಸಿದ ಸಹ ಪ್ರಶಿಕ್ಷಣಾರ್ಥಿಗಳ ಮುಖ್ಯ ಆಕ್ಷೇಪ: ವಿಷಯ ಬೆಳಕಿನಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಕಾನೂನಿಗೆ ಹೊರಳಿತು, ನಿಗದಿತ ಕಲಿಕಾ ಫಲಗಳಿಗೆ ಸಿಕ್ಕ ಸಮಯ ಕಡಿಮೆ. ಮಾರ್ಗದರ್ಶಿ ಶಿಕ್ಷಕರು ಇನ್ನೊಂದು ಪ್ರಶ್ನೆ ಎತ್ತಿದರು: ನಕಲಿ ನೋಟು ಹೇಗೆ ಸಿಕ್ಕಿಬೀಳುತ್ತದೆ ಎಂದು ಕಲಿಸುವುದು, ಸಿಕ್ಕಿಬೀಳದಂತೆ ಮಾಡುವುದನ್ನೂ ಕಲಿಸಿದಂತಾಗದೇ? ಎರಡನೆಯದಕ್ಕೆ ಉತ್ತರ ಸುಲಭ. ನಾನು ಕಲಿಸಿದ ಪ್ರತಿಯೊಂದನ್ನೂ ರಿಸರ್ವ್ ಬ್ಯಾಂಕು ತಾನೇ ಪ್ರಕಟಿಸಿದೆ, ಜನಕ್ಕೆ ಗೊತ್ತಿರಲೆಂದೇ. ಗೊತ್ತಿಲ್ಲದ ಗುರುತು ಯಾರನ್ನೂ ಕಾಯುವುದಿಲ್ಲ. ಮೊದಲನೆಯದನ್ನು ಭಾಗಶಃ ಒಪ್ಪುತ್ತೇನೆ. ಅತಿನೇರಳೆ ಟಾರ್ಚಿನ ಚಟುವಟಿಕೆಯನ್ನು ಬಿಟ್ಟರೆ ಏಳೆಂಟು ನಿಮಿಷ ಉಳಿಯುತ್ತದೆ. ಹಳ್ಳಿಯ ಮನೆಯಲ್ಲಿ ಆ ಟಾರ್ಚೂ ಇರುವುದಿಲ್ಲ. ಪಾತ್ರಾಭಿನಯವನ್ನು ಮಾತ್ರ ಬಿಡಲಾರೆ. ಘಟಕ ಪರೀಕ್ಷೆಯಲ್ಲಿ ಬ್ರೈಲ್ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಪುಸ್ತಕದ ವಾಕ್ಯಗಳ ಜೊತೆ ತ್ರಿಕೋನ, ವೃತ್ತ, ಸವೆದ ನೋಟುಗಳೂ ಇದ್ದವು.

ಗಣಿತ ಬೋಧಿಸುವವರಿಗೆ ಒಂದು ಮುಂದುವರಿಕೆ ಚಟುವಟಿಕೆ ಹೇಳುತ್ತೇನೆ. ಹರಿದ ನೋಟಿನ ವಿನಿಮಯ ವಿಸ್ತೀರ್ಣದ ಲೆಕ್ಕ. 50 ಮತ್ತು ಅದಕ್ಕಿಂತ ಹೆಚ್ಚಿನ ನೋಟಿನ ಅತಿ ದೊಡ್ಡ ಅಖಂಡ ತುಂಡು ಪೂರ್ಣ ವಿಸ್ತೀರ್ಣದ ಶೇ 80ಕ್ಕಿಂತ ಹೆಚ್ಚಿದ್ದರೆ ಪೂರ್ತಿ ಬೆಲೆ, ಶೇ 40ರಿಂದ 80ರವರೆಗೆ ಅರ್ಧ ಬೆಲೆ, ಅದಕ್ಕಿಂತ ಕಡಿಮೆಯಾದರೆ ಇಲ್ಲ. 20 ಮತ್ತು ಅದಕ್ಕಿಂತ ಕಡಿಮೆಯವಕ್ಕೆ ಅರ್ಧಕ್ಕಿಂತ ಹೆಚ್ಚು ಭಾಗ ಇದ್ದರೆ ಪೂರ್ತಿ. 500ರ ನೋಟಿನ ವಿಸ್ತೀರ್ಣ 150 × 66 = 9,900 ಚದರ ಮಿ.ಮೀ. ಉದ್ದದಲ್ಲಿ 25 ಮಿ.ಮೀ. ನೇರವಾಗಿ ಹರಿದುಹೋದರೆ ಉಳಿದದ್ದು 8,250, ಶೇ 83, ಪೂರ್ತಿ ಹಣ. 40 ಮಿ.ಮೀ. ಹೋದರೆ 7,260, ಶೇ 73, ಅರ್ಧ. ನೇರ ಹರಿದರೆ ಅಗಲವನ್ನು ಲೆಕ್ಕಕ್ಕೇ ತರಬೇಕಾಗಿಲ್ಲ, ಉದ್ದದ ಅನುಪಾತ ಸಾಕು ಎಂಬುದನ್ನು ಒಬ್ಬ ವಿದ್ಯಾರ್ಥಿ ಕಂಡುಹಿಡಿದ.

ಆದರೆ ಇಲಿ ನೇರವಾಗಿ ಕಡಿಯುವುದಿಲ್ಲ. ಅದೇ ವಿದ್ಯಾರ್ಥಿಯ ಮನೆಯಲ್ಲಿ ಇಲಿ ಕಚ್ಚಿದ 200ರ ನೋಟೊಂದು ವರ್ಷದಿಂದ ದೇವರ ಪಟದ ಹಿಂದೆ ಇತ್ತಂತೆ. ಅದರ ಅಂಚನ್ನು ಗ್ರಾಫ್ ಹಾಳೆಯ ಮೇಲೆ ಗುರುತು ಮಾಡಿ ತಂದ. ಪೂರ್ಣ ನೋಟಿನ ವಿಸ್ತೀರ್ಣ 146 × 66, ಅಂದರೆ 96 ಚದರ ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಅದರ ಶೇ 80 ಎಂದರೆ ಸುಮಾರು 77. ಅರ್ಧಕ್ಕಿಂತ ಹೆಚ್ಚಿರುವ ಚೌಕಗಳನ್ನು ಪೂರ್ತಿಯೆಂದೂ ಕಡಿಮೆಯವನ್ನು ಬಿಟ್ಟೂ ಎರಡು ಸಲ ಎಣಿಸಿದ. ಒಂದು ಸಲ 81, ಇನ್ನೊಂದು ಸಲ 82. ನೋಟನ್ನೂ ಗ್ರಾಫ್ ಹಾಳೆಯನ್ನೂ ಒಟ್ಟಿಗೆ ಮಡಿಸಿ ಅಪ್ಪನ ಕೈಗೆ ಕೊಟ್ಟಿದ್ದಾನೆ. ಮುಂದಿನ ಸಲ ಬ್ಯಾಂಕಿಗೆ ಹೋಗುವಾಗ ಎರಡನ್ನೂ ಒಯ್ಯುತ್ತಾರಂತೆ.